ಕೆಂಪು ಶಾಯಿ ಮುಟ್ಟದ ಅರ್ಧ ಹಾಳೆ

ಮದ್ದೂರು
೧೦ ನವೆಂಬರ್ ೧೯೪೩

ಚಿ. ಸೌ. ಆಂಡಾಳ್‌ಗೆ ಅಕ್ಕ ಪಂಕಜಳ ಆಶೀರ್ವಾದಗಳು.

ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ಅರಸೀಕೆರೆಯಲ್ಲಿ ನೀವೂ ಗಟ್ಟಿಯಾಗಿದ್ದೀರೆಂದು ನಿನ್ನ ಯಜಮಾನರ ಕಾರ್ಡಿನಿಂದ ತಿಳಿಯಿತು. ರಾಮಾನುಜ ಅವರು ರೈಲ್ವೆಯಲ್ಲಿ ತಂತಿ ಹೊಡೆದೂ ಹೊಡೆದೂ ಕಾರ್ಡನ್ನೂ ತಂತಿಯ ಹಾಗೇ ಬರೆಯುತ್ತಾರೆ. ಎಲ್ಲರೂ ಕ್ಷೇಮ, ಪುಟ್ಟಿಗೆ ಹಲ್ಲು ಬಿದ್ದಿದೆ, ಆಂಡಾಳ್ ನಮಸ್ಕಾರ ತಿಳಿಸಿದ್ದಾಳೆ. ಆ ನಮಸ್ಕಾರ ನೀನು ಹೇಳಿದ್ದೋ, ಅವರೇ ಮರ್ಯಾದೆಗೆ ಸೇರಿಸಿದ್ದೋ ನನಗೆ ಅನುಮಾನ. ನಿನ್ನ ಕೈಬರಹ ನೋಡಿ ಎಂಟು ವರ್ಷ ದಾಟಿತು. ಇಷ್ಟೊಂದು ಸೋಮಾರಿಯಾದರೆ ಹೇಗೆ? ದೀಪಾವಳಿಗೆ ಬರೆಯಬೇಕಾಗಿದ್ದ ಕಾಗದ ನಾನೂ ತಡಮಾಡಿದೆ, ಒಪ್ಪಿದೆ. ಆದರೆ ನಿನ್ನಷ್ಟು ತಡಮಾಡಿಲ್ಲ.

ತಡವಾದದ್ದಕ್ಕೆ ಕಾರಣ ನನ್ನ ಬಸ್ಸಿನ ಸ್ಕೂಲು. ನಗಬೇಡ. ಹಗಲೆಲ್ಲ ಇಲ್ಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ಸಾಯಂಕಾಲ ನಾನು ಮುಖವನ್ನೇ ನೋಡದ ಒಂಬತ್ತು ಜನಕ್ಕೆ ಪಾಠ ಬರೆಯುತ್ತೇನೆ. ಶುರುವಾದದ್ದು ಫಕ್ರುದ್ದೀನನಿಂದ. ಅವನು ಮದ್ದೂರು–ಮಳವಳ್ಳಿ ಬಸ್ಸಿನ ಡ್ರೈವರೂ ಹೌದು, ಮೆಕ್ಯಾನಿಕ್ಕೂ ಹೌದು. ಎರಡು ವರ್ಷದ ಹಿಂದೆ ಒಂದು ದಿನ ಸ್ಕೂಲಿನ ಗೇಟಿನ ಹತ್ತಿರ ಬಂದು ನಿಂತ. ಕೈಯೆಲ್ಲ ಮಸಿ.

"ಅಮ್ಮಾವ್ರೆ, ಮಳವಳ್ಳಿನಾಗೆ ನಮ್ಮಕ್ಕನ ಮಗ್ಳು ಅವ್ಳೆ, ಶರೀಫುನ್ನೀಸಾ ಅಂತ. ಆರ್ನೇ ಕ್ಲಾಸ್ಗಂಟ ಓದವ್ಳೆ. ಈಗ ಮನೆ ಬುಟ್ಟು ಆಚೀಗ್ ಕಳ್ಸಂಗಿಲ್ಲ. ಪುಸ್ತಕ ಅಂದ್ರೆ ಪ್ರಾಣ ಬುಡ್ತಾಳೆ. ನೀವು ಪಾಠ ಬರ್ಕೊಡಿ, ನಾನು ಬಸ್ನಾಗೆ ತಗಂಡ್ ಓಯ್ತೀನಿ" ಅಂದ.

ನಾನು ನನ್ನ ಹಳೇ ಸೀರೆಯ ಅಂಚಿನಿಂದ ಒಂದು ಚೀಲ ಹೊಲಿದು, ಪಾಠದ ಹಾಳೆ ಇಟ್ಟು ಕೊಟ್ಟೆ. ಬುಧವಾರ ಹೋದ ಚೀಲ ಶನಿವಾರ ಉತ್ತರದ ಸಮೇತ ಬಂತು. ಆಮೇಲೆ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಚೀಲಗಳು ಒಂಬತ್ತಾದವು. ಹನಕೆರೆಯ ಹೊಂಬಾಳಮ್ಮನ ಚೀಲ ರೈಲಿನಲ್ಲಿ ಹೋಗುತ್ತದೆ. ಬಸರಾಳಿನ ಶಿವನಂಜಮ್ಮನ ಚೀಲ ಮಂಡ್ಯದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಚಿಕ್ಕಬೋರಯ್ಯನ ಬೆಲ್ಲದ ಗಾಡಿ ಹತ್ತುತ್ತದೆ. ಚೀಲದ ಮೇಲೆ ಯಾರ ಹೆಸರೂ ಇಲ್ಲ. ಹೆಣ್ಣುಮಕ್ಕಳ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ನೇತಾಡುವುದು ಮನೆಯವರಿಗೆ ಬೇಡ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಅಂಚು. ಶರೀಫುನ್ನೀಸಾಳದು ಗಿಳಿಹಸಿರು. ಆ ಸೀರೆ ನಿನಗೆ ನೆನಪಿರಬೇಕು, ನಿನ್ನ ಮದುವೆಗೆ ತಂದು, ನಾನು ಉಡಬಾರದೆಂದು ಸೋದರತ್ತೆ ಪೆಟ್ಟಿಗೆಗೆ ಹಾಕಿಸಿದ್ದು. ವಿಧವೆ ಉಡದ ಸೀರೆ ಈಗ ಸರಸ್ವತಿಯನ್ನು ಹೊತ್ತು ಮಳವಳ್ಳಿಗೆ ಹೋಗಿಬರುತ್ತಿದೆ!

ಯುದ್ಧದಿಂದ ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಅರ್ಧ ಗಂಟೆ ಊದಿದ ಮೇಲೆ ಅದಕ್ಕೆ ಮನಸ್ಸು ಬಂದರೆ ಹೊರಡುತ್ತದೆ. ಹೀಗಾಗಿ ನನ್ನ ಭೂಗೋಳಕ್ಕೂ ವ್ಯಾಕರಣಕ್ಕೂ ಹೊಗೆಯ ವಾಸನೆ. ಬರೆಯುವ ಕಾಗದಕ್ಕೂ ಬರ ಬಂದಿದೆ. ಹಾಳೆಯ ಅಂಚಿನವರೆಗೂ ಸಣ್ಣಕ್ಷರದಲ್ಲಿ ಬರೆಯಬೇಕೆಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದೇನೆ.

ನನಗೆ ಈ ವರ್ಷ ಇರುವುದು ಒಂದೇ ಹಟ. ಬರುವ ಮಾರ್ಚಿಯಲ್ಲಿ ಮಂಡ್ಯದಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆ. ಶರೀಫುನ್ನೀಸಾ, ಶಿವನಂಜಮ್ಮ ಇಬ್ಬರೂ ಖಾಸಗಿಯಾಗಿ ಕೂರಬೇಕು. ಅದರಲ್ಲೂ ಶರೀಫುನ್ನೀಸಾ ಪಾಸಾಗಲೇಬೇಕು. ಅವರ ಬೀದಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಇರುವ ಒಬ್ಬರೇ ಉಪಾಧ್ಯಾಯಿನಿ ಬೇಸಿಗೆಗೆ ಕೆಲಸ ಬಿಡುತ್ತಾರೆ. ಪಾಸಾದ ಹೆಂಗಸು ಸಿಕ್ಕದಿದ್ದರೆ ಮೇಲಿನ ಕ್ಲಾಸುಗಳಿಗೆ ಗಂಡಸು ಮೇಷ್ಟ್ರು ಬರುತ್ತಾರೆ, ಆಗ ದೊಡ್ಡ ಹುಡುಗಿಯರನ್ನೆಲ್ಲ ಮನೆಯವರು ಬಿಡಿಸುತ್ತಾರೆ. ಇಪ್ಪತ್ತೆರಡು ಹುಡುಗಿಯರು, ಆಂಡಾಳ್.

ಅರ್ಜಿಗೆ ಒಬ್ಬ ಹೆಡ್‌ಮಾಸ್ತರರ ರುಜು ಬೇಕು. ಯೋಗಾನರಸಿಂಹಯ್ಯನವರ ಹತ್ತಿರ ಹೋದೆ. "ಪಂಕಜಮ್ಮನವರೆ, ಮುಖ ನೋಡದ ವಿದ್ಯಾರ್ಥಿನಿಗೆ ನಾನು ಹೇಗೆ ರುಜು ಹಾಕಲಿ?" ಅಂದರು. "ಮುಖ ನೋಡಿ ನೋಡಿ ನೀವು ಓದಿಸಿದವರಲ್ಲಿ ಹೋದ ವರ್ಷ ಎಷ್ಟು ಜನ ಪಾಸಾದರು ಸ್ವಾಮಿ?" ಅಂದೆ. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಎರಡು ಅರ್ಜಿಗೂ ರುಜು ಹಾಕಿದರು.

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಪಾಠ ಕಳಿಸುವುದು, ಉತ್ತರ ತರಿಸುವುದು, ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸುವುದು. ಮದುವೆಯಾಗಿ ಹೋದ ಮೇಲೆ ನಿನ್ನನ್ನು ಓದಿಸಿದ್ದೂ ಹಾಗೇ ಅಲ್ಲವೇ? ನನ್ನ ಟಪಾಲು ಸ್ಕೂಲಿನ ಮೊದಲ ಹುಡುಗಿ ನೀನೇ. ಪರೀಕ್ಷೆಗೆ ಕೂರುವ ಮೊದಲೇ ಬಿಟ್ಟುಬಿಟ್ಟೆ, ಆ ಮಾತು ಬೇರೆ.

ಪುಟ್ಟಿಗೆ ಮುತ್ತು. ಒಂದು ಸಾಲಾದರೂ ಬರೆ.

ನಿನ್ನ ಅಕ್ಕ,
ಪಂಕಜ

ಮದ್ದೂರು
೬ ಫೆಬ್ರವರಿ ೧೯೪೪

ಚಿ. ಸೌ. ಆಂಡಾಳ್‌ಗೆ ಅಕ್ಕನ ಆಶೀರ್ವಾದಗಳು.

ನಿನ್ನಿಂದ ಉತ್ತರ ಬರಲಿಲ್ಲ. ಬರುತ್ತದೆಂದು ಕಾದೆ ಅಂತ ಹೇಳಿದರೆ ನಿನಗೆ ಜಂಬ ಬರುತ್ತದೆ, ಆದರೂ ಕಾದೆ. ಸಂಕ್ರಾಂತಿಗೆ ಎಳ್ಳು ಕಳಿಸಿದ್ದು ಮುಟ್ಟಿತೆಂದು ರಾಮಾನುಜ ಅವರ ಕಾರ್ಡು ಬಂತು. ನಾನು ಮತ್ತೆ ಬರೆಯುವುದು ತಡವಾಯಿತು. ಈ ಸಲದ ಕಾರಣ ನನಗೆ ನಾಚಿಕೆ ತರುವಂಥದ್ದು, ಆದರೂ ನಿನಗೇ ಹೇಳಬೇಕು.

ಡಿಸೆಂಬರ್ ಕೊನೆಗೆ ಗಿಳಿಹಸಿರು ಅಂಚಿನ ಚೀಲ ಖಾಲಿ ಬಂತು. "ಮನೇಲಿ ಉಸಾರಿಲ್ವಂತೆ ಅಮ್ಮಾವ್ರೆ" ಅಂದ ಫಕ್ರುದ್ದೀನ್. ಮುಂದಿನ ವಾರವೂ ಖಾಲಿ. ಅದರ ಮುಂದಿನ ವಾರವೂ ಖಾಲಿ. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಪರೀಕ್ಷೆಗೆ ಎಂಟು ವಾರ ಇರುವಾಗ ಏನಿದು ಚೆಲ್ಲಾಟ ಅಂತ ನಾಲ್ಕು ಸಾಲು ಖಾರವಾಗಿ ಬರೆದು ಚೀಲದಲ್ಲಿಟ್ಟೆ. ಆ ಚೀಟಿಯೂ ಬಿಚ್ಚದೆ ವಾಪಸು ಬಂತು. ಒಂದು ಶನಿವಾರ ಸ್ಕೂಲು ಬಿಟ್ಟವಳೇ ಬಸ್ಸು ಹತ್ತಿದೆ.

"ನೀವೇ ಬತ್ತೀರಾ?" ಅಂತ ಫಕ್ರುದ್ದೀನ್ ಗಾಬರಿಯಾದ. "ಯಾಕೆ, ನಿನ್ನ ಬಸ್ಸಿಗೆ ನಾನು ಭಾರವೇ?" ಅಂದೆ. ದಾರಿಯಲ್ಲಿ ಎರಡು ಕಡೆ ಬಸ್ಸು ಮುನಿಸಿಕೊಂಡು ನಿಂತಿತು. ಮಳವಳ್ಳಿ ಮುಟ್ಟುವ ಹೊತ್ತಿಗೆ ನನ್ನ ಬಿಳೀ ಸೀರೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಶರೀಫುನ್ನೀಸಾಳ ತಾಯಿ ಜಾನ್ ಬೀ ಬಾಗಿಲಲ್ಲೇ ನಿಂತಿದ್ದರು. ಹೊಲಿಗೆ ಕೆಲಸ ಮಾಡಿ ಮನೆ ನಡೆಸುವ ಗಟ್ಟಿ ಹೆಂಗಸು. ಫಕ್ರುದ್ದೀನ್ ಬಸ್ ನಿಲ್ದಾಣದಿಂದ ಮುಂಚಿತವಾಗಿ ಓಡಿ ಹೇಳಿದ್ದ ಅಂತ ಕಾಣುತ್ತದೆ, ಜಗಲಿಯ ಮೇಲೆ ಚಾಪೆ ಹಾಸಿ, ಕೆತ್ತದ ಎಳನೀರು ಒಂದನ್ನು ಇಟ್ಟಿದ್ದರು. ಬ್ರಾಹ್ಮಣರ ಹೆಂಗಸು ನಮ್ಮ ನೀರು ಮುಟ್ಟುವುದಿಲ್ಲ ಅಂತ ಅವರ ಲೆಕ್ಕ. "ಅದು ಇರಲಿ, ಕುಡಿಯಲು ನೀರು ಕೊಡಿ" ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಹೋಗಿ ತಂದುಕೊಟ್ಟರು. ಇದನ್ನು ಸೋದರತ್ತೆಗೆ ಬರೆಯಬೇಡ.

"ಹುಡುಗಿ ಯಾಕೆ ಓದು ಬಿಟ್ಟಳು?" ಅಂತ ಕೇಳಿದೆ.

ಜಾನ್ ಬೀ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ನಂಗೆ ಓದಾಕ್ ಬರಾಕಿಲ್ಲ ಕಣಮ್ಮ. ಆದ್ರೆ ಕೆಂಪು ಕಾಣ್ತದೆ. ಅವಳ ಅಣ್ಣನ್ ಎಸ್ರಿನ್ ಮ್ಯಾಗೇ ಗೀಟು ಎಳ್ದಿದ್ದೀರಂತೆ. ದಂಡಿಗೋದೋನು ಅವನು. ಹಂಗ್ ಎಳೀಬೌದಾ? ಮೂರ್ ದಿನ ಅನ್ನ ಮುಟ್ಟಲಿಲ್ಲ ನನ್ ಮಗ್ಳು."

ನನ್ನದೇ ಕೈ. ಲೆಕ್ಕದ ಹಾಳೆ. ಕೆಳಗೆ ಅಂಗುಲದಷ್ಟು ಉಳಿದ ಜಾಗದಲ್ಲಿ ಹುಡುಗಿ ಬರೆದಿದ್ದಳು: "ಅಮ್ಮಾವರೆ, ನಮ್ಮ ಅಣ್ಣ ಅಕ್ರಂ ಪಾಷಾ ಪಲ್ಟನ್ನಿನ ಲಾರಿ ರಿಪೇರಿಗೆ ಸೇರಿ ಬರ್ಮಾ ಗಡಿಗೆ ಹೋಗಿದ್ದಾನೆ. ಐದು ತಿಂಗಳಾಯಿತು, ಕಾಗದವಿಲ್ಲ. ಲೆಕ್ಕ ತಲೆಗೆ ಹತ್ತುತ್ತಿಲ್ಲ." ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ಕೆಂಪು ಗೀಟು. ಪಕ್ಕದಲ್ಲಿ ನನ್ನ ಮುದ್ದಾದ ಅಕ್ಷರ: "ಪಾಠಕ್ಕೆ ಸಂಬಂಧಿಸಿದ್ದಲ್ಲ. ಕಾಗದ ಹಾಳು ಮಾಡಬೇಡ."

ಬರೆದದ್ದು ನನಗೆ ನೆನಪೂ ಇರಲಿಲ್ಲ, ಆಂಡಾಳ್. ಒಂಬತ್ತು ಚೀಲ ಮುಂದಿಟ್ಟುಕೊಂಡು ತಿದ್ದುತ್ತಾ ಕೂತಾಗ ನನ್ನ ಕಣ್ಣಿಗೆ ತಪ್ಪು ಮಾತ್ರ ಕಾಣುತ್ತದೆ. ಲೆಕ್ಕದ ಹಾಳೆಯಲ್ಲಿ ಲೆಕ್ಕವಲ್ಲದ್ದು ಇತ್ತು, ಹೊಡೆದುಹಾಕಿದೆ. ಅಷ್ಟೇ. ದಂಡಿಗೆ ಹೋದವನ ಹೆಸರನ್ನು ಕೆಂಪಿನಲ್ಲಿ ಹೊಡೆದುಹಾಕಿದ್ದೆ.

ಬಾಗಿಲ ಪರದೆಯ ಹಿಂದಿನಿಂದ ಹುಡುಗಿ ಮಾತಾಡಿದಳು. ಎರಡು ವರ್ಷದಿಂದ ಅವಳ ಅಕ್ಷರ ನೋಡಿದ್ದೇನೆ, ದನಿ ಕೇಳಿದ್ದು ಅದೇ ಮೊದಲು. "ನಮ್ಮ ಮನೇಲಿ ಬರ್ಯಾಕೆ ಓದಾಕೆ ಬರೋದು ನಂಗೊಬ್ಳಿಗೇ. ನಿಮ್ಗ್ ಬುಟ್ಟು ನಾನ್ ಇನ್ ಯಾರಿಗ್ ಬರೀಲಿ ಅಮ್ಮಾವ್ರೆ?"

ಹತ್ತೊಂಬತ್ತು ವರ್ಷದ ಹುಡುಗಿಗೆ ತಪ್ಪಾಯಿತು ಅಂದೆ. ಗಟ್ಟಿಯಾಗಿ, ಜಾನ್ ಬೀಗೂ ಫಕ್ರುದ್ದೀನನಿಗೂ ಕೇಳುವ ಹಾಗೇ ಹೇಳಿದೆ. ಆಮೇಲೆ ಚೀಲದಿಂದ ಹೊಸ ಹಾಳೆ ತೆಗೆದು ಉದ್ದಕ್ಕೆ ಮಡಿಸಿದೆ. "ನೋಡಮ್ಮ, ಇನ್ನು ಮೇಲೆ ಎಡಗಡೆ ಅರ್ಧ ಪಾಠಕ್ಕೆ, ಬಲಗಡೆ ಅರ್ಧ ನಿನಗೆ. ಏನು ಬೇಕಾದರೂ ಬರೆ. ಬಲಗಡೆಯ ಅರ್ಧಕ್ಕೆ ಕೆಂಪು ಶಾಯಿ ಮುಟ್ಟಿಸುವುದಿಲ್ಲ. ಅದನ್ನು ತಿದ್ದುವುದಿಲ್ಲ, ಉತ್ತರ ಬರೆಯುತ್ತೇನೆ. ಪರೀಕ್ಷೆ ಮಾತ್ರ ಬಿಡಬೇಡ" ಅಂದೆ.

"ಮೊದ್ಲು ಅಣ್ಣನ್ ಎಸ್ರು ಬರ್ಕೊಡಿ" ಅಂದಳು.

ಕಪ್ಪು ಶಾಯಿಯಲ್ಲಿ, ಹಾಳೆಯ ನೆತ್ತಿಯ ಮೇಲೆ, ಸ್ಕೂಲಿನ ಬೋರ್ಡಿಗೆ ಬರೆಯುವ ದಪ್ಪ ಅಕ್ಷರದಲ್ಲಿ ಅಕ್ರಂ ಪಾಷಾ ಎಂದು ಬರೆದೆ. ಪರದೆಯ ಕೆಳಗಿನಿಂದ ಒಂದು ಕೈ ಬಂದು ಅದನ್ನು ಒಳಗೆ ತೆಗೆದುಕೊಂಡಿತು. ಮುಂದಿನ ಶನಿವಾರದಿಂದ ಚೀಲ ತುಂಬಿ ಬರುತ್ತಿದೆ.

ಈಗ ಒಂಬತ್ತು ಜನಕ್ಕೂ ಅರ್ಧ ಹಾಳೆಯ ಪದ್ಧತಿ ಮಾಡಿದ್ದೇನೆ. ಅಬ್ಬಬ್ಬಾ, ಏನೆಲ್ಲ ಬರುತ್ತದೆ! ಕಬ್ಬು ಕಡಿಯುವ ಕಾಲ, ಆಳುಗಳಿಗೆ ಅಡಿಗೆ ಮಾಡಿ ಹಾಕುವುದರಲ್ಲೇ ದಿನ ಮುಗಿಯುತ್ತದೆ, ಅದಕ್ಕೇ ತನ್ನ ಉತ್ತರಗಳು ಅರ್ಧಂಬರ್ಧ ಅಂತ ಶಿವನಂಜಮ್ಮ ಬರೆದಳು. ಇದುವರೆಗೆ ನಾನು ಅವಳನ್ನು ದಡ್ಡಿ ಅಂದುಕೊಂಡಿದ್ದೆ. ಕಟಾವು ಮುಗಿಯುವವರೆಗೆ ಅರ್ಧ ಪಾಠ ಕಳಿಸುತ್ತೇನೆಂದು ಬರೆದೆ. ಹೊಂಬಾಳಮ್ಮನಿಗೆ ಇತಿಹಾಸ ಓದಿದರೆ ನಿದ್ದೆ ಬರುತ್ತದಂತೆ. ನನಗೂ ಬರುತ್ತದೆ ಅಂತ ಉತ್ತರ ಬರೆದೆ. ಪಾಠ ಕಳಿಸುವುದು ಏನೂ ದೊಡ್ಡದಲ್ಲ, ಆ ಕಡೆ ಕೂತವಳು ಮತ್ತೆ ಬರೆಯುವ ಹಾಗೆ ನೋಡಿಕೊಳ್ಳುವುದೇ ಕೆಲಸ. ಹದಿನೆಂಟು ವರ್ಷ ಪಾಠ ಹೇಳಿದ ಮೇಲೆ ನನಗೆ ಗೊತ್ತಾದದ್ದು ಇದು.

ಕಾಗದ ಎರಡರಷ್ಟು ಖರ್ಚಾಗುತ್ತಿದೆ. ಹಳೆಯ ಪಂಚಾಂಗ, ಮದುವೆಯ ಲಗ್ನಪತ್ರಿಕೆ, ಯಾವುದರ ಬೆನ್ನು ಖಾಲಿ ಇದ್ದರೂ ಕಳಿಸು.

ನಿನ್ನ ಅಕ್ಕ,
ಪಂಕಜ

ಮದ್ದೂರು

ಆಂಡಾಳ್,

ನಿನಗೂ, ಯಜಮಾನರಿಗೂ, ಪುಟ್ಟಿಗೂ ನನ್ನ ಆಶೀರ್ವಾದಗಳು. ಮೂರು ತಿಂಗಳಿಂದ ಬರೆದಿಲ್ಲ, ಬೈದುಕೋ. ಲಗ್ನಪತ್ರಿಕೆಗಳ ಕಟ್ಟು ಬಂತು. ಕಟ್ಟಿದ ದಾರದ ಗಂಟು ನಿನ್ನದು ಅಂತ ಗುರುತು ಹಿಡಿದೆ, ಚಿಕ್ಕಂದಿನಿಂದ ನೀನು ಹಾಕುವ ಎರಡೆಳೆಯ ಗಂಟು. ಬಿಚ್ಚಲು ಮನಸ್ಸಾಗದೆ ದಾರವನ್ನು ಪಕ್ಕದಿಂದ ಜಾರಿಸಿ ತೆಗೆದೆ.

ಮೊದಲು ಪರೀಕ್ಷೆಯ ಸುದ್ದಿ. ಹಿಂದಿನ ದಿನ ಮಳವಳ್ಳಿಯಿಂದ ಹೊರಡಬೇಕಾಗಿದ್ದ ಬಸ್ಸಿನ ಒಲೆ ಏನು ಮಾಡಿದರೂ ಹತ್ತಲಿಲ್ಲವಂತೆ. ಇದ್ದಿಲು ಹಸಿ. "ಇವತ್ತು ಇದು ಏಳಾಕಿಲ್ಲ, ಇಳ್ಕಳಿ" ಅಂತ ಕಂಡಕ್ಟರ್ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ಫಕ್ರುದ್ದೀನ್ ಸೀದಾ ಅಕ್ಕನ ಮನೆಗೆ ಹೋಗಿ, ಅಡಿಗೆಮನೆಯಲ್ಲಿದ್ದ ಒಣ ಇದ್ದಿಲಿನ ಚೀಲ ಹೊತ್ತು ತಂದು ಒಲೆಗೆ ಸುರಿದನಂತೆ. "ಏ ನನ್ ಅಡ್ಗೆಗೆ ಏನ್ಲಾ ಮಾಡ್ಲಿ?" ಅಂತ ಜಾನ್ ಬೀ ಕೂಗಿದರೆ, "ಮೂರ್ ದಿನ ಮಂಡ್ಯದಾಗ್ ಇರ್ತೀಯಲ್ಲ, ಇಲ್ಲಿ ಅಡ್ಗೆ ಯಾರಿಗ್ ಮಾಡೀಯೆ!" ಅಂದನಂತೆ. ಅಂತೂ ತಾಯಿ ಮಗಳು ಮದ್ದೂರಿಗೆ ಬಂದರು, ಮೂವರೂ ಸಂಜೆ ಮಂಡ್ಯದ ರೈಲು ಹಿಡಿದೆವು.

ಮೂರು ದಿನವೂ ಜಾನ್ ಬೀ ಪರೀಕ್ಷೆಯ ಕಟ್ಟಡದ ಎದುರಿನ ಹೊಂಗೆಯ ಕೆಳಗೆ ಹೊಲಿಗೆ ಹಿಡಿದು ಕೂತರು. ಬಸರಾಳಿನಿಂದ ಶಿವನಂಜಮ್ಮ ಬೆಲ್ಲದ ಗಾಡಿಯಲ್ಲಿ ಬಂದಿದ್ದಳು. ಅವಳೂ ಶರೀಫುನ್ನೀಸಾಳೂ ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರ ಚೀಲದ ಬಣ್ಣ ಇನ್ನೊಬ್ಬರಿಗೆ ನಾನು ಬರೆದಿದ್ದೆ, ಅಂಚು ನೋಡಿ ಗುರುತು ಹಿಡಿದರು. "ಓ ಗಿಳಿಹಸ್ರು ನೀನೇಯಾ!" ಅಂತ ಶಿವನಂಜಮ್ಮ ಅವಳ ಕೈ ಹಿಡಿದುಕೊಂಡಳು. ಲೆಕ್ಕದ ಪತ್ರಿಕೆಯ ದಿನ ಶರೀಫುನ್ನೀಸಾ ಒಳಗೆ ಹೋಗುವ ಮೊದಲು ನನ್ನ ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ಬಲಗಡೆ ಅರ್ಧ ಇರಾಕಿಲ್ಲ ಅಲ್ವ ಅಮ್ಮಾವ್ರೆ?" ಅಂದಳು. "ಇರುವುದಿಲ್ಲ. ಅದನ್ನು ನನಗೆ ಆಮೇಲೆ ಹೇಳುವೆಯಂತೆ, ಈಗ ಬರೀ ಲೆಕ್ಕ ಮಾಡು" ಅಂದೆ.

ಹೋದ ವಾರ ಫಲಿತಾಂಶ ಬಂತು. ಶರೀಫುನ್ನೀಸಾ ಪಾಸು! ನಂಬರನ್ನು ನಾಲ್ಕು ಸಲ ನೋಡಿದೆ. ಶಿವನಂಜಮ್ಮ ಲೆಕ್ಕದಲ್ಲಿ ಹೋದಳು. ಬಲಗಡೆಯ ಅರ್ಧದಲ್ಲಿ ಬರೆದು ಕಳಿಸಿದ್ದಾಳೆ: "ಮುಂದಿನ ವರ್ಷ ಕಬ್ಬು ಬ್ಯಾಡ, ರಾಗಿ ಆಕಿ ಅಂತ ನಮ್ಮೋರ್ಗೆ ಯೋಳಿದ್ದೀನಿ." ನಾನು ಹೇಳದೆಯೇ ಅವಳು ತನ್ನ ವರ್ಷವನ್ನು ಜೋಡಿಸಿಕೊಂಡಿದ್ದಾಳೆ. ಅವಳನ್ನು ಬಿಡುವವಳಲ್ಲ ನಾನು.

ಅಕ್ರಂ ಪಾಷಾನ ಕಾಗದ ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಅಂತ ನಾನು ಬರೆಯುವುದಿಲ್ಲ, ನನಗೇನು ಗೊತ್ತು? ಈ ವಾರ ಬಂತೇ ಅಂತ ಪ್ರತಿ ಬುಧವಾರ ಕೇಳುತ್ತೇನೆ. ಇಲ್ಲ ಅಂತ ಪ್ರತಿ ಶನಿವಾರ ಉತ್ತರ ಬರುತ್ತದೆ. ಜೂನ್ ತಿಂಗಳಿಂದ ಅವಳು ಆ ಇಪ್ಪತ್ತೆರಡು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಚೀಲಗಳು ಹದಿನಾಲ್ಕಾಗಿವೆ. ನನ್ನ ಹತ್ತಿರ ಬಣ್ಣದ ಸೀರೆ ಇನ್ನು ಉಳಿದಿಲ್ಲ.

ನಿಮ್ಮ ಮನೆ ತಂಪಾಗಿರಲಿ. ಪುಟ್ಟಿಗೆ ಹೊಸ ಹಲ್ಲು ನೆಟ್ಟಗೆ ಬರಲಿ, ಅವಳಿಗೆ ಓದುವ ಯೋಗವೂ ಇರಲಿ.

ನಿನ್ನ ಅಕ್ಕ,
ಪಂಕಜ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನನ್ನು ಸೋಮಾರಿ ಅಂದದ್ದು ಸುಳ್ಳು. ನೀನು ಯಾಕೆ ಬರೆಯುವುದು ಬಿಟ್ಟೆ ಅಂತ ನನಗೆ ಆವತ್ತಿನಿಂದಲೂ ಗೊತ್ತು. ಮೂವತ್ತೈದನೇ ಇಸವಿ ಮಾರ್ಚಿಯಲ್ಲಿ, ಪ್ರತಿ ವಾರದ ಪಾಠದ ಲಕೋಟೆಯಲ್ಲೇ ನಿನ್ನ ಕಾಗದ ಬಂದಿತ್ತು. "ಅಕ್ಕ, ಮಗು ಶುಕ್ರವಾರ ಹೋಯಿತು. ನಲವತ್ತು ದಿನ ಇತ್ತು. ಹಾಲು ಇನ್ನೂ ನಿಂತಿಲ್ಲ." ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಅಳು ಶುರುವಾದರೆ ನಿಲ್ಲಿಸಲು ನನಗೆ ಬರುವುದಿಲ್ಲ ಅಂತ ಹೆದರಿ, ಬೇರೆ ಹಾಳೆಗಳ ಜೊತೆ ಅದನ್ನೂ ತಿದ್ದಿದೆ. ತಾರೀಖಿಲ್ಲ, ಒಕ್ಕಣೆಯಿಲ್ಲ, ವಿಷಯವನ್ನು ಕ್ರಮವಾಗಿ ಬರೆಯಬೇಕು, ಹತ್ತಕ್ಕೆ ನಾಲ್ಕು ಅಂತ ಅದರ ಮೇಲೆ ಕೆಂಪಿನಲ್ಲಿ ಬರೆದೆ. ಮಾರನೇ ದಿನ ಬೇರೆ ಕಾಗದ ಬರೆಯೋಣ ಅಂದುಕೊಂಡು ಲಕೋಟೆ ಅಂಟಿಸಿದೆ. ಆ ಮಾರನೇ ದಿನಕ್ಕೆ ಒಂಬತ್ತು ವರ್ಷವಾಯಿತು. ಜಾನ್ ಬೀ ಆ ಹಾಳೆ ತೆಗೆದು ಮುಂದಿಟ್ಟಾಗ ನಾನು ನೋಡಿದ್ದು ನಿನ್ನ ಕಾಗದವನ್ನೇ.

ಪಾಠವನ್ನೂ ಅರ್ಜಿಯ ಫಾರಂ ಒಂದನ್ನೂ ಇದರ ಜೊತೆ ಇಟ್ಟಿದ್ದೇನೆ. ಬೇಕಾದರೆ ತುಂಬು, ಬೇಡವಾದರೆ ಪುಟ್ಟಿಗೆ ದೋಣಿ ಮಾಡಿಕೊಡು. ಉದ್ದಕ್ಕೆ ಮಡಿಸಿದ ಖಾಲಿ ಹಾಳೆಯೂ ಇದೆ. ಅದರಲ್ಲಿ ಎರಡು ಅರ್ಧವೂ ನಿನ್ನದೇ. ಈ ಕಾಗದಕ್ಕೆ ನಾನೂ ತಾರೀಖು ಹಾಕಿಲ್ಲ. ನಿನ್ನ ಆ ಕಾಗದಕ್ಕೆ ಕೊಡಬೇಕಾಗಿದ್ದ ಉತ್ತರ ಇದು: ಮಗು ಯಾರ ಹಾಗಿತ್ತು, ಆಂಡಾಳ್?